ಆಯಿಯ ಖಣ ಊರೂರು ತಿರುಗಿದ ಶ್ರಾವಣ

ಈ ಸಲದ ಶ್ರಾವಣದ ಎರಡನೆಯ ಶುಕ್ರವಾರ, ಬಾಗಲಕೋಟೆಯ ನವನಗರದಲ್ಲಿ ನಮ್ಮ ಎದುರು ಮನೆಯವರು ಉಡಿ ತುಂಬುವುದಕ್ಕೆ ಕರೆದಿದ್ದರು. ಮಣೆಯ ಮೇಲೆ ಕುಳಿತು ಸೆರಗು ಹರವಿದೆ. ಅಕ್ಕಿ ಬಿತ್ತು, ಕಾಯಿ ಬಿತ್ತು, ಎಲೆ ಅಡಿಕೆ ಬಿದ್ದವು, ಕೊನೆಗೊಂದು ಖಣ ಬಿತ್ತು. ಹೊಸ ಬಟ್ಟೆಯ ಗಂಜಿ ವಾಸನೆಯೂ ಒದ್ದೆ ವೀಳ್ಯದೆಲೆಯ ವಾಸನೆಯೂ ಕೂಡಿ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿಯೇ ಖಣದ ಮೂಲೆಯನ್ನು ಮಗುಚಿ ನೋಡಿತು. ಎದುರು ಮನೆಯಾಕೆ ಬಿಟ್ಟಾಳೆಯೇ. "ಯಾಕ್ರಿ ಟೀಚರ್, ರೇಟ್ ನೋಡ್ತೀರೇನು?" ಎಂದಳು. ನಾನು ನಕ್ಕೆ. ನಾನು ನೋಡಿದ್ದು ಮೂಲೆಯಲ್ಲಿ ಕರಿದಾರದ ಗಂಟು ಇದೆಯೇ ಎಂದು. ಆ ಚಾಳಿ ಯಾಕೆ ಹತ್ತಿತು ಎಂದು ಹೇಳಲು ಹೊರಟಿದ್ದರೆ ಅವತ್ತು ಅಲ್ಲಿದ್ದ ಯಾರಿಗೂ ಫಳಾರ ಸಿಗುತ್ತಿರಲಿಲ್ಲ.

ಖಣ ಎಂದರೆ ಕುಪ್ಪಸದ ಬಟ್ಟೆ. ನಮ್ಮ ಕಡೆ ಮುತ್ತೈದೆಯರಿಗೆ ಉಡಿ ತುಂಬುವಾಗ ಅದು ಇರಲೇಬೇಕು. ಆದರೆ ಉಡಿಯಲ್ಲಿ ಬಂದ ಖಣವನ್ನು ಹೊಲಿಸಿ ಹಾಕಿಕೊಳ್ಳುವವರು ನೂರಕ್ಕೆ ಇಬ್ಬರು. ಉಳಿದವರು ಪೆಟ್ಟಿಗೆಯಲ್ಲಿಟ್ಟು, ಮುಂದೆ ಬಂದವರ ಉಡಿಗೆ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಕೊಟ್ಟವರಿಗೇ ತಿರುಗಿ ಹೋಗಬಾರದು ಎಂಬುದೊಂದೇ ಕಟ್ಟುನಿಟ್ಟು. ಅದಕ್ಕಾಗಿ ಯಾವ ಖಣ ಯಾರಿಂದ ಬಂತು, ಯಾರಿಗೆ ಹೋಯಿತು ಎಂಬುದು ನಮ್ಮ ಹೆಂಗಸರ ತಲೆಯಲ್ಲಿ ಹತ್ತು ವರ್ಷ ಅಳಿಸದೆ ಇರುತ್ತದೆ. ಗ್ಯಾಸಿನ ಮೇಲೆ ಹಾಲು ಇಟ್ಟದ್ದು ಮರೆತಾರು, ಇದನ್ನು ಮರೆಯುವುದಿಲ್ಲ.

ನಮ್ಮದು ಇಳಕಲ್ಲು. ಆಯಿ ಎಂದರೆ ನನ್ನ ಅಪ್ಪನ ತಾಯಿ. ನಾನು ಬಿ.ಎಡ್. ಮುಗಿಸಿ, ನೌಕರಿಯ ಪಟ್ಟಿ ಇವತ್ತು ಬರುತ್ತದೆ ನಾಳೆ ಬರುತ್ತದೆ ಎಂದು ಮನೆಯಲ್ಲಿ ಕುಳಿತಿದ್ದ ವರ್ಷವದು. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ ಮೊದಲ ಶ್ರಾವಣವೂ ಅದೇ. ಆಯಿಗೆ ಆಗ ಎಪ್ಪತ್ನಾಲ್ಕು. ಆ ಪುಕ್ಕಟೆ ಬಸ್ಸನ್ನು ಸರ್ಕಾರ ತನಗೊಬ್ಬಳಿಗೇ ಕೊಟ್ಟ ಉಡುಗೊರೆ ಎಂದು ಅವಳು ತಿಳಿದಿದ್ದಳು. ಇಳಕಲ್ಲಿನಲ್ಲಿ ಸಿಗುವ ಕೊತ್ತಂಬರಿಯನ್ನೇ ತರಲು ಆಧಾರ್ ಕಾರ್ಡು ಹಿಡಿದುಕೊಂಡು ಹುನಗುಂದಕ್ಕೆ ಹೋಗಿಬರುತ್ತಿದ್ದಳು. "ಅಲ್ಲಿ ಕೊತ್ತಂಬ್ರಿ ವಾಸನಿ ಬ್ಯಾರೆ ಇರತೈತಿ" ಎಂಬುದು ಅವಳ ಸಮಜಾಯಿಷಿ.

ಗಂಡ ತೀರಿಕೊಂಡಾಗ ಆಯಿಗೆ ಮೂವತ್ತೆಂಟು ವರ್ಷ. ಅಪ್ಪ ಹತ್ತನೆಯ ಇಯತ್ತೆಯಲ್ಲಿದ್ದನಂತೆ, ಅವನ ಕೆಳಗೆ ನನ್ನ ಇಬ್ಬರು ಸೋದರತ್ತೆಯರು. ನೇಕಾರರ ಮನೆಗಳಿಗೆ ನೂಲು ಸುತ್ತಿಕೊಟ್ಟು ಮೂವರನ್ನೂ ಓದಿಸಿದಳು. ನಾನು ಕಣ್ಣು ಬಿಟ್ಟಾಗಿನಿಂದ ಕಂಡ ಆಯಿಯ ಬಲ ಅಂಗೈಯಲ್ಲಿ ನೂಲು ಉಜ್ಜಿದ ಗೆರೆಯೊಂದು ಇದ್ದೇ ಇತ್ತು. ಆದರೆ ಆ ಕಷ್ಟದ ಕಥೆಯನ್ನು ಅವಳ ಬಾಯಿಂದ ಕೇಳಿದವರಿಲ್ಲ. ಅವಳ ಬಾಯಿಗೆ ಬೇರೆ ಕೆಲಸಗಳಿದ್ದವು. ಟಿವಿಯಲ್ಲಿ ಸುದ್ದಿ ಓದುವ ಹುಡುಗಿಗೆ "ಉಸಿರು ತಗೊಂಡು ಮಾತಾಡ, ನಮ್ಮವ್ವ" ಎನ್ನಬೇಕು, ಅಪ್ಪನಿಗೆ ಹೊಟ್ಟೆ ಕರಗಿಸು ಎನ್ನಬೇಕು, ಅವ್ವನ ಸಾರಿಗೆ ಉಪ್ಪು ಹೆಚ್ಚೆನ್ನಬೇಕು, ಹಾಗೆನ್ನುತ್ತಲೇ ಎರಡು ಸಲ ಹಾಕಿಸಿಕೊಂಡು ಉಣ್ಣಬೇಕು. ಇಪ್ಪತ್ತಾರು ವರ್ಷ ಅವ್ವ ಆ ಉಪ್ಪಿನ ಮಾತು ಕೇಳಿದ್ದಳು, ಉಪ್ಪು ಮಾತ್ರ ಕಡಿಮೆ ಮಾಡಿರಲಿಲ್ಲ.

ಸಾಯುವ ವಿಷಯವನ್ನು ಆಯಿ ಬದಾಮಿಗೆ ಹೋಗಿಬರುವ ಮಾತಿನಂತೆ ಆಡುತ್ತಿದ್ದಳು. ಹೊರಡುವ ಬಟ್ಟೆಯೂ ತಯಾರಿತ್ತು. ಹೆಂಗಸು ತೀರಿಕೊಂಡರೆ ಕೊನೆಯ ಸೀರೆ, ಕುಪ್ಪಸ ತವರಿನಿಂದ ಬರಬೇಕು ಎಂಬುದು ನಮ್ಮಲ್ಲಿಯ ರೂಢಿ. ಆಯಿಯ ತವರು ಕೆರೂರು. ಅಲ್ಲಿ ಉಳಿದಿದ್ದವನು ಒಬ್ಬನೇ ತಮ್ಮ, ಅವನಿಗೆ ಮಕ್ಕಳಿಲ್ಲ. ಅವನಿಗೆ ಎದೆನೋವು ಶುರುವಾದ ವರ್ಷ ಒಂದು ಚೀಲ ಹಿಡಿದುಕೊಂಡು ಬಸ್ಸಿನಲ್ಲಿ ಬಂದ. "ಅಕ್ಕಾ, ನಾ ಮೊದಲ ಹೋದ್ರ ನಿನಗ ತರಾವ್ರು ಯಾರು? ಈಗ ತಗೊಂಡು ಇಟಗೊಂಡ್ಬಿಡು" ಎಂದು ಒಂದು ಸೀರೆ, ಒಂದು ಗಿಳಿಹಸಿರು ಖಣ ಮುಂದಿಟ್ಟ. ಇಳಕಲ್ಲಿಗೆ ಇಳಕಲ್ ಸೀರೆಯನ್ನೇ ಹೊತ್ತು ತಂದಿದ್ದ. ಆಯಿ ಅದಕ್ಕೂ ಬೈದಳು. ಖಣ ಮಾತ್ರ ಗುಳೇದಗುಡ್ಡದ ಕೈಮಗ್ಗದ್ದು, ಕೆಂಪು ಅಂಚಿನದು, ಮುಟ್ಟಿದರೆ ಕೈ ಹಿಂದಕ್ಕೆ ಬರುತ್ತಿರಲಿಲ್ಲ. ಮುಂದಿನ ವರ್ಷ ತಮ್ಮ ತೀರಿಹೋದ. ಆಯಿ ಆ ಖಣದ ಮೂಲೆಗೆ ಕರಿದಾರದ ಒಂದು ಗಂಟು ಹಾಕಿ, ಸೀರೆಯ ಮಡಿಕೆಯೊಳಗಿಟ್ಟು, ತನ್ನ ತಗಡಿನ ಪೆಟ್ಟಿಗೆಯ ತಳದಲ್ಲಿ ಸೇರಿಸಿದಳು. ವರ್ಷಕ್ಕೊಮ್ಮೆ ತೆಗೆದು ಬಿಸಿಲಿಗೆ ಹಾಕುವುದು, ಮತ್ತೆ ಒಳಗಿಡುವುದು.

ಆ ವರ್ಷ ಆಷಾಢದಲ್ಲಿ ಆಯಿಗೆ ಹೊಟ್ಟೆನೋವು ಶುರುವಾಯಿತು. ಬಾಗಲಕೋಟೆಯ ದವಾಖಾನೆಯಲ್ಲಿ ನೋಡಿ ಪಿತ್ತಕೋಶದಲ್ಲಿ ಹರಳಿವೆ, ಆಪರೇಷನ್ ಆಗಲೇಬೇಕು, ತಡಮಾಡಿದರೆ ಜೀವಕ್ಕೆ ಕುತ್ತು ಎಂದರು. ಶ್ರಾವಣದ ಮೂರನೆಯ ವಾರಕ್ಕೆ ದಿನ ಗೊತ್ತಾಯಿತು. ಆಯಿ ಹೆದರಲಿಲ್ಲ. ಚೀಲ ತುಂಬಲು ಕುಳಿತಳು. ಟವೆಲು, ಹಲ್ಲುಪುಡಿ, ಕೊನೆಗೆ ಸೀರೆ ಮತ್ತು ಖಣ.

"ಅದನ್ಯಾಕ ತಗೋತಿ?" ಎಂದು ಅಪ್ಪ ಕೇಳಿದ.

"ಅಲ್ಲೇ ಸತ್ರ? ಇಲ್ಲೀತನಾ ಬಂದು ಒಯ್ತೀಯೇನು?"

ಹಾಗೆ ಹೇಳುತ್ತಲೇ ಸೀರೆಯ ಮಡಿಕೆ ಬಿಚ್ಚಿದಳು. ಒಳಗೆ ಖಣವಿರಲಿಲ್ಲ.

ಪೆಟ್ಟಿಗೆಯನ್ನು ಬೋರಲು ಹಾಕಿದೆವು. ಮನೆಯನ್ನೆಲ್ಲ ಹುಡುಕಿದೆವು. ಹುಡುಕುತ್ತಿದ್ದ ಅವ್ವ ನಡುವೆಯೇ ಗೋಡೆ ಹಿಡಿದು ಕುಳಿತುಬಿಟ್ಟಳು. ಆಷಾಢದ ಕೊನೆಗೆ ಒಂದು ದಿನ ಬಿಸಿಲು ಬಿದ್ದಿತ್ತು. ಆಯಿ ಪೆಟ್ಟಿಗೆಯ ಬಟ್ಟೆಯನ್ನೆಲ್ಲ ಮಾಳಿಗೆಯ ಮೇಲೆ ಹರವಿ, ಕೊತ್ತಂಬರಿ ತರಲು ಹುನಗುಂದಕ್ಕೆ ಹೋಗಿದ್ದಳು. ಮಳೆ ಬಂತು. ಅವ್ವ ಓಡಿಹೋಗಿ ಕೈಗೆ ಸಿಕ್ಕದ್ದನ್ನೆಲ್ಲ ಬಾಚಿ ತಂದಳು. ತನ್ನ ಉಡಿ ಖಣಗಳೂ ಅಲ್ಲೇ ಒಣಗುತ್ತಿದ್ದವು, ಆಯಿಯ ಖಣ ಅವುಗಳಲ್ಲಿ ಸೇರಿಹೋಗಿತ್ತು. ಶ್ರಾವಣದ ಮೊದಲ ಶುಕ್ರವಾರ ಐವರಿಗೆ ಉಡಿ ತುಂಬುವಾಗ, "ಇಷ್ಟು ಛಲೋ ಖಣ ನಮ್ಮಲ್ಲಿ ಯಾವಾಗ ಬಂತು" ಎಂದುಕೊಳ್ಳುತ್ತಲೇ ಅದನ್ನು ಪಕ್ಕದ ಮನೆಯ ಶಾಂತಕ್ಕನ ಉಡಿಗೆ ಹಾಕಿದ್ದಳು.

"ನೀ ಬಾಚಿದ್ದಕ್ಕ ಹೋತು" ಎಂದಳು ಆಯಿ.

"ನೀವು ಕೊತ್ತಂಬ್ರಿಗೆ ಹೋಗಿದ್ದಕ್ಕ ಹೋತ್ರಿ ಅತ್ತಿ" ಎಂದಳು ಅವ್ವ. ಎಂದದ್ದೇ ಅಳತೊಡಗಿದಳು.

ಆಯಿ ಚೀಲದಿಂದ ಟವೆಲು, ಹಲ್ಲುಪುಡಿ ಹೊರಗೆ ತೆಗೆದಳು. "ಖಣ ಸಿಗೂತನಾ ನಾ ದವಾಖಾನಿಗೆ ಬರಾಂಗಿಲ್ಲ. ನಮ್ಮ ತಮ್ಮ ಅಲ್ಲಿ ಕೇಳಿದ್ರ ಏನಂತ ಹೇಳಲಿ? ಶಾಂತಿಗೆ ಕೊಟ್ಟ ಬಂದೀನಿ ಅನ್ನಲಿ?"

ಅಪ್ಪನಿಗೆ ತಾನೊಬ್ಬನೇ ಜಾಣ ಎಂಬ ಭ್ರಮೆ ಆಗಾಗ ಬರುತ್ತಿತ್ತು. ಕಚೇರಿಗೆ ಅರ್ಧ ದಿನ ರಜೆ ಹಾಕಿ, ಗುಳೇದಗುಡ್ಡಕ್ಕೆ ಹೋಗಿ ಅಂಥದೇ ಹಸಿರು ಖಣ ತಂದ. ನನ್ನ ಕೈಯಿಂದ ಮೂಲೆಗೆ ಕರಿದಾರದ ಗಂಟು ಹಾಕಿಸಿದ. "ಅವ್ವಾ, ಹಾಸಿಗಿ ಕೆಳಗ ಸಿಕ್ತು ನೋಡು" ಎಂದು ಮುಂದೆ ಹಿಡಿದ. ಆಯಿ ನೋಡಲೂ ಇಲ್ಲ, ಮೂಗಿಗೆ ಹಿಡಿದಳು. "ಇದಕ್ಕ ನನ್ನ ಪೆಟಿಗಿ ವಾಸನಿ ಇಲ್ಲ. ಯಾವ ಅಂಗಡ್ಯಾಗ ತಂದಿ, ಅಲ್ಲೇ ಕೊಟ್ಟ ಬಾ" ಎಂದಳು. ಅಪ್ಪ ಅಷ್ಟಕ್ಕೇ ಜಾಣತನ ಬಿಟ್ಟು, ಉಳಿದದ್ದನ್ನು ನಮ್ಮ ಮೂವರಿಗೆ ಒಪ್ಪಿಸಿದ.

ಶಾಂತಕ್ಕನ ಮನೆ ಹತ್ತು ಹೆಜ್ಜೆ. ಹೋಗಿ ಕೇಳಿದರಾಯಿತು ಎಂದೆ ನಾನು. ಇಬ್ಬರೂ ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದರು. ಹೆಣಕ್ಕೆಂದು ಎತ್ತಿಟ್ಟ ಖಣವನ್ನು ಶ್ರಾವಣ ಶುಕ್ರವಾರ ಮುತ್ತೈದೆಯ ಉಡಿಯಲ್ಲಿ ಹಾಕಿದ್ದೇವೆ! ಇದು ಓಣಿಗೆ ತಿಳಿದರೆ ಮುಂದಿನ ಏಳು ಶ್ರಾವಣ ನಮ್ಮ ಮನೆಯ ಹೊಸ್ತಿಲು ಯಾರೂ ತುಳಿಯುವುದಿಲ್ಲ. ಬರಿದೆ ಮರಳಿ ಕೇಳಿದರೂ, ಉಡಿ ತುಂಬಿ ತಿರುಗಿ ಕಸಿದುಕೊಂಡರು ಎಂಬ ಹೆಸರು. ಆದ್ದರಿಂದ ನಿಜ ಹೇಳದೆ ಖಣದ ಜಾಡು ಹಿಡಿಯಬೇಕಿತ್ತು.

ಅವ್ವ ಸಕ್ಕರೆ ಕೇಳುವ ನೆವದಲ್ಲಿ ಹೋಗಿ, "ಆ ಹಸರ ಖಣ ಹೊಲಿಸಿದೇನು ಶಾಂತಕ್ಕಾ?" ಎಂದಳು.

"ಅಯ್ಯ, ಅಂಥಾ ಖಣ ನಾ ಹಾಕ್ಕೊಂಡ್ರ ನಮ್ಮ ನಾದಿನಿ ಸುಮ್ಕ ಬಿಡ್ತಾಳೇನವಾ? ಪಂಚಮಿಗೆ ಹುನಗುಂದದಿಂದ ಬಂದಿದ್ಲು. ಆಕಿ ಉಡ್ಯಾಗ ಹಾಕಿ ಕಳಿಸಿದ್ನಿ."

ಆಗ ನಮಗೆ ಅಪಾಯದ ಅರಿವಾಯಿತು. ಹಗುರ ಖಣವಾಗಿದ್ದರೆ ಯಾರದೋ ಪೆಟ್ಟಿಗೆಯಲ್ಲಿ ಬಿದ್ದಿರುತ್ತಿತ್ತು. ಇದು ಒಳ್ಳೆಯ ಖಣ. ಒಳ್ಳೆಯದನ್ನು ಯಾರೂ ಇಟ್ಟುಕೊಳ್ಳುವುದಿಲ್ಲ, ತಾವು ಯಾರಿಗೆ ಹೆದರುತ್ತಾರೋ ಅವರಿಗೆ ಕೊಡುತ್ತಾರೆ. ಹೀಗಾಗಿ ಆ ಖಣ ಮನೆಯಿಂದ ಮನೆಗೆ ಬಡ್ತಿ ಪಡೆಯುತ್ತ ಹೊರಟಿತ್ತು.

ಮರುದಿನ ಹುನಗುಂದ. ಶಾಂತಕ್ಕನ ನಾದಿನಿಗೂ ನಮಗೂ ಅಂಥ ಬಳಕೆಯಿಲ್ಲ, ಸುಮ್ಮನೆ ಹೋಗಿ ಕೂರುವುದು ಹೇಗೆ? ನೆವ ಹುಡುಕಿದವಳು ಆಯಿ. ಬಾಗಿಲು ತೆರೆಯುತ್ತಲೇ ನನ್ನನ್ನು ಮುಂದೆ ತಳ್ಳಿ, "ನಮ್ಮ ಸವಿತಾಗ ವರಾ ಹುಡಕಾಕತ್ತೇವಿ, ನಿಮ್ಮ ಕಡೆ ಯಾರರ ಅದಾರೇನಂತ ಕೇಳಾಕ ಬಂದ್ವಿ" ಎಂದಳು. ನನಗೆ ಅಲ್ಲಿಯೇ ಗೊತ್ತಾದದ್ದು. ಆಕೆ ಖುಷಿಯಿಂದ ಒಳಗೆ ಕರೆದು, ಮೂವರು ಹುಡುಗರ ಜಾತಕ ಬಾಯಲ್ಲೇ ಒಪ್ಪಿಸಿದಳು. ನಡುವೆ ಅವ್ವ ಖಣದ ಮಾತು ತಂದಳು. ಅದು ಅಮೀನಗಡಕ್ಕೆ ಹೋಗಿಯಾಗಿತ್ತು. ಆಕೆಯ ಮಗಳ ಅತ್ತೆ, ಅಂದರೆ ಬೀಗತಿ, ಅಲ್ಲಿರುತ್ತಾಳೆ. ಬೀಗತಿಗೆ ಸಾದಾ ಖಣ ಕೊಟ್ಟರೆ ಮಗಳಿಗೆ ಮಾತು ತಪ್ಪುತ್ತದೆಯೇ?

ಹೊರಡುವಾಗ ಆಕೆ ಅವ್ವನಿಗೆ ಉಡಿ ತುಂಬಿದಳು, ನನಗೆ ಕುಂಕುಮ ಹಚ್ಚಿ ಹೂವು ಕೊಟ್ಟಳು. ಅವಳು ಮಣೆ ಹಾಕುತ್ತಿದ್ದಂತೆಯೇ ಆಯಿ ಎದ್ದು ತನ್ನ ಕುರ್ಚಿಯನ್ನು ಬಾಗಿಲ ಕಡೆಗೆ ಎಳೆದುಕೊಂಡು, ಬೀದಿ ನೋಡುತ್ತ ಕುಳಿತಳು. ವಿಧವೆಗೆ ಉಡಿಯಿಲ್ಲ. ಇದು ನನಗೆ ಗೊತ್ತಿದ್ದದ್ದೇ, ನಮ್ಮ ಮನೆಯಲ್ಲೂ ಹಾಗೆಯೇ ನಡೆಯುತ್ತಿತ್ತು. ಆದರೆ ಯಾರೂ ಹೇಳುವ ಮೊದಲೇ, ಯಾರಿಗೂ ಮುಜುಗರವಾಗದ ಹಾಗೆ, ಅವಳು ಅಷ್ಟು ಸಲೀಸಾಗಿ ಸರಿದುಕೊಳ್ಳುತ್ತಾಳೆ ಎಂಬುದನ್ನು ನಾನು ನೋಡಿದ್ದು ಅವತ್ತು. ನನಗೆ ಕೆಟ್ಟದೆನಿಸಿತು. ಏನೂ ಮಾಡಲಿಲ್ಲ, ತಟ್ಟೆಯಲ್ಲಿ ಕೊಟ್ಟ ಪಂಚಮಿಯ ಉಂಡಿ ತಿಂದೆ.

ಎರಡು ದಿನ ಬಿಟ್ಟು ಅಮೀನಗಡ. ಬೀಗತಿಯ ಮನೆಯವರದು ಕರದಂಟಿನ ವ್ಯಾಪಾರ. ಇಡೀ ಮನೆಯೇ ತುಪ್ಪ, ಬೆಲ್ಲ, ಹುರಿದ ಅಂಟಿನ ವಾಸನೆ. ಆಯಿಗೆ ಡಾಕ್ಟರು ಎಣ್ಣೆ ತುಪ್ಪ ಮುಟ್ಟಬೇಡ ಎಂದಿದ್ದರು. ಅವ್ವ ಕಣ್ಣಲ್ಲೇ ಬೇಡ ಎನ್ನುತ್ತಿದ್ದಳು. ಆಯಿ ಬೀಗತಿಯ ಮುಖವನ್ನೇ ನೋಡುತ್ತ, "ಭಾಳ ಛಲೋ ಆಗೇತಿ" ಎಂದು ಮೂರು ತುಂಡು ತಿಂದಳು. ಅಲ್ಲಿಯೂ ನನಗೆ ವರ ಹುಡುಕಿದ್ದಾಯಿತು, ಅವ್ವನಿಗೆ ಉಡಿ ತುಂಬಿದ್ದಾಯಿತು. ಖಣ ಮಾತ್ರ ಬಾಗಲಕೋಟೆಗೆ ಹೋಗಿತ್ತು, ಅಲ್ಲಿ ಓದುವ ಕಿರಿಯ ಮಗನಿಗೆ ಪಾಠ ಹೇಳುವ ಟೀಚರಿಗೆ.

"ಇನ್ನೂ ಹೊತ್ತೈತಿ. ಬಾಗಲಕೋಟಿಗೆ ಹೋಗಿಬಿಡೂಣ, ಹೆಂಗೂ ಬಸ್ ಪುಕ್ಕಟ" ಎಂದಳು ಆಯಿ. ಬಸ್ಸು ಕಮತಗಿ ತಲುಪುವ ಮೊದಲೇ ಅವಳ ಹಣೆಯಲ್ಲಿ ಬೆವರೊಡೆಯಿತು. ಪಕ್ಕೆ ಹಿಡಿದುಕೊಂಡು ಮಡಚಿ ಕುಳಿತಳು. ಕಮತಗಿಯಲ್ಲಿ ಇಳಿಸಿ, ನಿಲ್ದಾಣದ ಕಲ್ಲುಬೆಂಚಿನ ಮೇಲೆ ಮಲಗಿಸಿದೆವು. ಬಣ್ಣ ಬಿಳಿಚಿತ್ತು. ಅವ್ವ ಬೆನ್ನು ನೀವುತ್ತಿದ್ದಳು, ನಾನು ಮಾತ್ರೆಗಾಗಿ ಚೀಲ ತಡಕಾಡುತ್ತಿದ್ದೆ. ಆಯಿ ಕಣ್ಣು ಮುಚ್ಚಿಯೇ ಮಾತಾಡಿದಳು.

"ನೋಡ್ರಿ. ಈಗ ಇಲ್ಲೇ ಹೋದ್ನೆಪಾ ಅಂದ್ರ, ಕಮತಗಿ ಬಸ್ಟ್ಯಾಂಡಿನ್ಯಾಗ ನನಗ ಏನ ಹಾಕ್ತೀರಿ? ಆ ಕರದಂಟಿನ ಚೀಲಾ?"

ನಾನು ನಕ್ಕೆ. ಅವ್ವ ನಗಲಿಲ್ಲ. "ನನ್ನ ಕೈಯಿಂದ ಆಗೇತಿ. ನಾನ ತಂದುಕೊಡ್ತೇನಿ. ಅಲ್ಲೀತನಾ ನೀವು ಎಲ್ಲೂ ಹೋಗಾಂಗಿಲ್ರಿ ಅತ್ತಿ" ಎಂದಳು. ಅವಳಿಗೆ ಆಯಿಯ ಜೀವ ಎಷ್ಟು ಬೇಕಾಗಿತ್ತು ಎಂಬುದು ಇಪ್ಪತ್ತಾರು ವರ್ಷದ ಉಪ್ಪಿನ ಜಗಳದಲ್ಲಿ ನನಗೆ ಗೊತ್ತಾಗಿರಲಿಲ್ಲ.

ಡಾಕ್ಟರು ಬೈದರು. ಇನ್ನು ಕಾಯುವ ಹಾಗಿಲ್ಲ, ಸೋಮವಾರವೇ ದಾಖಲಾಗಬೇಕೆಂದರು. ಆಯಿ "ಖಣ" ಎಂದಳು. ಅವತ್ತು ಶುಕ್ರವಾರ. ನಾನು ಬೀಗತಿಯಿಂದ ನಂಬರು ಇಸಿದುಕೊಂಡು ಬಾಗಲಕೋಟೆಯ ಟೀಚರಿಗೆ ಫೋನು ಹಚ್ಚಿದೆ. ಆ ಪುಣ್ಯಾತ್ಗಿತ್ತಿ ಅದನ್ನು ಎರಡೇ ದಿನದಲ್ಲಿ ಬದಾಮಿಗೆ ದಾಟಿಸಿದ್ದಳು. ತಾನು ಕಲಿತ ಸಾಲೆಯ ಹೆಡ್ ಬಾಯಾರು, ಅಂದರೆ ಮುಖ್ಯೋಪಾಧ್ಯಾಯಿನಿ, ನಿವೃತ್ತರಾಗಿ ಅಲ್ಲಿದ್ದಾರಂತೆ. "ಅವರ ಮುಂದ ನಾ ಇನ್ನೂ ಕುಂದರಾಂಗಿಲ್ರಿ, ಅಷ್ಟ ಹೆದರಿಕಿ" ಎಂದಳು. ಖಣ ಏರಬೇಕಾದಷ್ಟು ಏರಿತ್ತು.

ಶನಿವಾರ ಬೆಳಿಗ್ಗೆ ಅವ್ವ ತಾನೊಬ್ಬಳೇ ಹೋಗಿಬರುತ್ತೇನೆಂದಳು. ಆಯಿ ಕೇಳಲಿಲ್ಲ. "ನಿನ್ನ ಗಂಡನಂಗ ನೀನೂ ಯಾವುದರ ಹಸರ ಅರಿವಿ ಹಿಡಕೊಂಡ ಬಂದ್ರ?" ಎಂದು ಮೊದಲು ಬಸ್ಸು ಹತ್ತಿ ಕುಳಿತವಳು ಅವಳೇ. ಬಾಗಲಕೋಟೆಯಲ್ಲಿ ಬಸ್ಸು ಬದಲಿಸಿ ಬದಾಮಿಯಲ್ಲಿ ಇಳಿದಾಗ ಹನ್ನೊಂದಾಗಿತ್ತು. ಹೆಡ್ ಬಾಯಾರಿಗೆಂದು ಬಾಳೆಹಣ್ಣು ಕೊಂಡೆವು. ಓಣಿಯ ತಿರುವಿನಲ್ಲಿ ಒಂದು ಮುಸುವ ಬಂದು, ಅವ್ವನ ಕೈಯಿಂದ ಚೀಲ ಕಸಿದುಕೊಂಡು ಗೋಡೆ ಏರಿತು. ಆಯಿ ಕೋಲೆತ್ತಿ ಅದರ ಮನೆತನವನ್ನೆಲ್ಲ ಬೈದಳು. ಅದು ನಮ್ಮನ್ನೇ ನೋಡುತ್ತ ಒಂದೊಂದಾಗಿ ಸುಲಿದು ತಿಂದಿತು. ಬರಿಗೈಲಿ ಬಾಗಿಲು ಬಡಿದೆವು.

ಹೆಡ್ ಬಾಯಾರೆಂದರೆ ಸುಶೀಲಾಬಾಯಿ. ಎಪ್ಪತ್ತರ ಆಸುಪಾಸು, ನೆಟ್ಟಗೆ ಬೆನ್ನು, ಸರಕ್ಕೆ ಕಟ್ಟಿದ ಕನ್ನಡಕ. ಕುರ್ಚಿಯಲ್ಲಿ ಅವರ ಯಜಮಾನರು ಪೇಪರು ಓದುತ್ತಿದ್ದರು. ಆಯಿ ರೂಢಿಯಂತೆ ನನ್ನನ್ನು ಮುಂದೆ ತಳ್ಳಿ, "ನಮ್ಮ ಹುಡುಗಿಗೆ ವರಾ..." ಎಂದು ಶುರುಮಾಡಿದಳು.

"ನಮಗ ಮಕ್ಕಳೇ ಇಲ್ರಿ. ಯಾರಿಗೆ ಕೊಡ್ತೀರಿ, ಇವರಿಗೇನು?" ಎಂದು ಬಾಯಾರು ಯಜಮಾನರ ಕಡೆ ಕೈ ಮಾಡಿದರು. ಪೇಪರು ಸ್ವಲ್ಪ ಕೆಳಗಿಳಿದು, ನನ್ನನ್ನು ನೋಡಿ, ಮತ್ತೆ ಮೇಲೇರಿತು.

"ಇಳಕಲ್ಲಿಂದ ಇಷ್ಟ ದೂರ ಬಂದೀರಿ. ಮುಖಾ ನೋಡಿದ್ರ ಅಜ್ಜಿಗೆ ಆರಾಮ ಇಲ್ಲ. ಖರೆ ಏನೈತಿ ಹೇಳ್ರಿ" ಎಂದರು. ಮೂವತ್ತು ವರ್ಷ ಹುಡುಗಿಯರ ಸುಳ್ಳು ಹಿಡಿದ ದನಿ ಅದು. ಅವ್ವ ತಲೆ ತಗ್ಗಿಸಿದಳು. ನಾನೂ ತಗ್ಗಿಸಿದೆ. ಆಯಿ ಉಸಿರೆಳೆದುಕೊಂಡು ಹೇಳಿಯೇಬಿಟ್ಟಳು.

"ನಿಮ್ಮ ಉಡ್ಯಾಗ ಒಂದು ಹಸರ ಖಣ ಬಂದೈತಲ್ರಿ, ಅದು ನನ್ನ ಹೆಣಕ್ಕ ಇಟಗೊಂಡಿದ್ದು."

ಪೇಪರು ಪೂರ್ತಿ ಕೆಳಗಿಳಿಯಿತು. ಆಯಿ ತಮ್ಮನಿಂದ ಹಿಡಿದು ಮುಸುವದವರೆಗೆ ಎಲ್ಲವನ್ನೂ ಹೇಳಿದಳು. ಯಾರ ಮನೆಯಲ್ಲೂ ನಿಜ ಹೇಳಲಿಲ್ಲ, ತಪ್ಪಾಗಿದೆ, ಆದರೆ ಸೋಮವಾರ ಆಪರೇಷನ್ನು, ತವರಿನದೆಂದು ಉಳಿದಿರುವುದು ಅದೊಂದೇ ಎಂದಳು. ಬಾಯಾರು ಕನ್ನಡಕ ತೆಗೆದರು. ಈಗ ಬೈಗುಳ ಬೀಳುತ್ತದೆ ಎಂದು ನಾನು ಕಾದೆ. ಅವರ ಹೆಗಲು ಅಲುಗತೊಡಗಿದವು. ಅವರು ನಗುತ್ತಿದ್ದರು.

"ಅಂದ್ರ, ಈ ಜಿಲ್ಲಾದಾಗಿನ ಮುತ್ತೈದೇರೆಲ್ಲಾ ನಿಮ್ಮ ಹೆಣದ ಕುಪ್ಪಸಾ ಉಡ್ಯಾಗ ಹಾಕ್ಕೊಂಡು ಕುಂಕುಮ ಹಚಗೊಂಡೀವಿ!" ನಗು ತಡೆಯಲಾರದೆ ಕಣ್ಣೊರೆಸಿಕೊಂಡರು. "ಬರೂ ಮಂಗಳವಾರ ಅದನ್ನ ಒಬ್ರು ಸಾಹೇಬ್ರ ಹೆಂಡ್ತಿಗೆ ಕೊಡಾಕ ಇಟ್ಟಿದ್ನಿ. ಪುಣ್ಯಾ ಮಾಡೀರಿ, ಬಂದ್ರಿ."

ಒಳಗಿನಿಂದ ಖಣ ತಂದರು. ಮೂಲೆಯಲ್ಲಿ ಕರಿದಾರದ ಗಂಟಿತ್ತು. ಆಯಿ ಕೈ ಚಾಚಿದಳು. ಬಾಯಾರು ಹಿಂದಕ್ಕೆ ಎಳೆದುಕೊಂಡರು.

"ಕೈಯಾಗ ಕೊಡಾಂಗಿಲ್ರಿ. ಉಡ್ಯಾಗ ಬಂದದ್ದು ಉಡ್ಯಾಗ ಹೋಗಬೇಕು. ಬಾ ತಂಗಿ, ನಿನಗ ತುಂಬತೇನಿ. ಆಮ್ಯಾಗ ನಿನ್ನ ಖಣ, ಅತ್ತಿಗೆ ಕೊಡು, ಯಾರಿಗರ ಕೊಡು" ಎಂದು ಅವ್ವನಿಗೆ ಮಣೆ ಹಾಕಿದರು.

ಮಣೆ ನೆಲಕ್ಕೆ ತಾಗಿದ ಸಪ್ಪಳಕ್ಕೇ ಆಯಿ ಎದ್ದು, ಕುರ್ಚಿಯನ್ನು ಬಾಗಿಲ ಕಡೆಗೆ ಎಳೆದುಕೊಂಡು, ಬೀದಿಗೆ ಮುಖ ಮಾಡಿ ಕುಳಿತಳು. ಅಷ್ಟು ಊರು ತಿರುಗಿ ಹುಡುಕಿದ ತನ್ನ ಖಣ ಬೆನ್ನ ಹಿಂದೆ ಸೊಸೆಯ ಉಡಿಗೆ ಬೀಳುತ್ತಿದ್ದರೂ ತಿರುಗಿ ನೋಡಲಿಲ್ಲ.

ಅವ್ವ ಉಡಿ ತುಂಬಿಸಿಕೊಂಡು ಎದ್ದಳು. ಸೆರಗು ಹಾಗೆಯೇ ಹಿಡಿದುಕೊಂಡು ಆಯಿಯ ಮುಂದೆ ಹೋಗಿ ನಿಂತಳು.

"ಅತ್ತಿ, ಬಂದು ಮಣಿ ಮ್ಯಾಲೆ ಕುಂದರ್ರಿ."

"ಯಾಕ?"

"ಉಡ್ಯಾಗ ಬಂದದ್ದು ಉಡ್ಯಾಗ ಹೋಗಬೇಕಂತ. ಕೇಳಿದ್ರಲ್ಲ."

"ತಲಿ ಕೆಟ್ಟೈತೇನು ನಿನಗ? ನಾ ಯಾರು, ನನಗ ಉಡಿ ತುಂಬ್ತಿ? ಮಂದಿ ಮನ್ಯಾಗ ಇದೇನ ಹುಚ್ಚಾಟ? ನಿನ್ನ ಗಂಡ ಕೇಳಿದ್ರ ಏನಂದಾನು? ಬಾಯಾರ, ನೀವರ ಹೇಳ್ರಿ ಈಕಿಗೆ."

ಬಾಯಾರು ಯಜಮಾನರ ಕಡೆ ನೋಡಿದರು. ಯಜಮಾನರು ಪೇಪರು ಮಡಚಿ ಎದ್ದು ಅಂಗಳಕ್ಕೆ ಹೋದರು. "ನಿಂದರವಾ, ಅಕ್ಕಿ ಸಾಲಾಂಗಿಲ್ಲ. ಇನ್ನಷ್ಟು ತರ್ತೇನಿ" ಎನ್ನುತ್ತ ಬಾಯಾರು ಒಳಗೆ ನಡೆದರು.

ಆಯಿ ಬೈಯುತ್ತಲೇ ಎದ್ದಳು, ಬೈಯುತ್ತಲೇ ಬಂದು ಮಣೆಯ ಮೇಲೆ ಕುಳಿತಳು. ಬಾಯಿ ಇನ್ನೂ ಬೇಡ ಎನ್ನುತ್ತಿತ್ತು, ಕೈಗಳು ಆಗಲೇ ಸೆರಗು ಹರವಿ ಹಿಡಿದಿದ್ದವು. ಮೂವತ್ತಾರು ವರ್ಷದ ಮೇಲೆ. ಅವ್ವ ಬೊಗಸೆಯಿಂದ ಐದು ಸಲ ಅಕ್ಕಿ ಹಾಕಿದಳು. ಕಾಯಿ ಹಾಕಿದಳು, ಎಲೆ ಅಡಿಕೆ ಹಾಕಿದಳು, ಮೇಲೆ ಖಣವಿಟ್ಟಳು. ಆಮೇಲೆ ಕುಂಕುಮದ ಬಟ್ಟಲಿಗೆ ಕೈ ಹಾಕಿದಳು. ಆಯಿ ಅವಳ ಮಣಿಕಟ್ಟು ಹಿಡಿದುಕೊಂಡಳು.

"ಅದು ಬ್ಯಾಡವಾ. ಇಷ್ಟ ಸಾಕು" ಎಂದಳು. ಅಷ್ಟು ಮೆತ್ತಗೆ ಆಯಿ ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ನನಗೆ ಅಳು ಬಂತು. ಹೊರಗೆ ಬಂದು ಮುಸುವದ ಮೇಲೆ ಸಿಟ್ಟು ಮಾಡಿಕೊಂಡವಳಂತೆ ಗೋಡೆ ನೋಡುತ್ತ ನಿಂತೆ.

ತುಂಬಿದ ಉಡಿಯನ್ನು ಮನೆ ಮುಟ್ಟುವವರೆಗೆ ಕೆಳಗಿಡಬಾರದು ಎಂದು ಆಯಿ ಹಟ ಹಿಡಿದಳು. ಉಳಿದವರಾದರೆ ಹತ್ತು ಹೆಜ್ಜೆ ನಡೆದು ಚೀಲಕ್ಕೆ ಸುರಿಯುತ್ತಾರೆ. ಇವಳು ಬದಾಮಿಯಿಂದ ಇಳಕಲ್ಲಿನವರೆಗೆ, ಎರಡು ಬಸ್ಸಿನಲ್ಲಿ, ಅಕ್ಕಿ ಕಾಯಿ ಖಣವನ್ನು ಎರಡೂ ಕೈಯಿಂದ ಒಡಲಿಗೆ ಅವಚಿಕೊಂಡೇ ಕುಳಿತಳು. ಕಂಡಕ್ಟರ್ ಬಂದು "ಆಧಾರ್ ತೋರಿಸ್ರಿ ಆಯಿ" ಎಂದ. "ಕೈ ಖಾಲಿ ಇಲ್ಲಪಾ. ಕಾಣಸ್ತೈತಿಲ್ಲ, ಉಡಿ ತುಂಬ್ಯಾರ" ಎಂದಳು. ಅವನು ಅವಳ ಬರಿಹಣೆ ನೋಡಿದ, ಉಡಿ ನೋಡಿದ, ಸುಮ್ಮನೆ ಟಿಕೀಟು ಹರಿದು ಕೊಟ್ಟ. ದಾರಿಯುದ್ದಕ್ಕೂ ಆಯಿ ಯಾರಿಗೂ ಬೈಯಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ದವಾಖಾನೆಯ ಚೀಲ ತುಂಬುತ್ತಿದ್ದೆ. ಸೀರೆಯ ಮಡಿಕೆಯೊಳಗೆ ಖಣ ಇಡಲು ಹೋದರೆ ಆಯಿ ಕಸಿದುಕೊಂಡಳು. ಶಾಂತಕ್ಕನ ಮನೆಯಲ್ಲಿ ಹೊಲಿಗೆ ಯಂತ್ರವಿತ್ತು. "ಇದನ್ನ ಒಯ್ದು ಸಂಜಿಕ ಅಂದ್ರ ಹೊಲಿಸಿಕೊಂಡ ಬಾ. ತೋಳ ಸಡ್ಲ ಇರಲಿ. ಶಾಂತಿ ಕೇಳಿದ್ರ, ನಿಮ್ಮಪ್ಪ ಗುಳೇದಗುಡ್ಡದಿಂದ ತಂದದ್ದು ಅನ್ನು" ಎಂದಳು.

"ಆಯಿ, ಇದು ನಿನ್ನ..."

"ಉಡ್ಯಾಗ ಬಂದದ್ದು ಹೆಣಕ್ಕ ಹಾಕಿದ್ರ ತುಂಬಿದಾಕಿಗೆ ಛಲೋ ಅಲ್ಲ. ನಿಮ್ಮವ್ವ ಇನ್ನೂ ಭಾಳ ದಿವಸ ಇರಬೇಕು. ಹೋಗ, ಹೊಲಿಸು."

ಅಂಥ ರೂಢಿಯೊಂದು ಎಲ್ಲಿಯೂ ಇಲ್ಲ, ಅವಳೇ ಆಗ ಮಾಡಿದ್ದು. ಸೋಮವಾರ ಗಿಳಿಹಸಿರು ಕುಪ್ಪಸ ತೊಟ್ಟು ಬಾಗಲಕೋಟೆಗೆ ಹೋದಳು. ಅದನ್ನು ಬಿಚ್ಚಿ ದವಾಖಾನೆಯ ಅಂಗಿ ಹಾಕಿಕೊಳ್ಳಿ ಎಂದ ನರ್ಸಿನೊಂದಿಗೆ ಅರ್ಧ ತಾಸು ವಾದಿಸಿ, ಕೊನೆಗೆ ಬಿಚ್ಚಿ ಅವ್ವನ ಕೈಗೆ ಕೊಟ್ಟು, "ಇದನ್ನರ ಯಾರಿಗೂ ಕೊಡಬ್ಯಾಡ" ಎಂದು ಒಳಗೆ ಹೋದಳು. ಅಂದು ಅವ್ವ ಆ ಕುಪ್ಪಸ ಹಿಡಿದುಕೊಂಡು ಬಾಗಿಲಲ್ಲಿ ಎರಡು ತಾಸು ನಿಂತಳು. ಆಪರೇಷನ್ ಸುಸೂತ್ರವಾಯಿತು. ಡಾಕ್ಟರು ಹರಳುಗಳನ್ನು ಸಣ್ಣ ಬಾಟ್ಲಿಯಲ್ಲಿ ಹಾಕಿ ಕೊಟ್ಟಿದ್ದರು. ಮಾತಾಡಿಸಲು ಬಂದವರಿಗೆಲ್ಲ ಆಯಿ ಮೊದಲು ಕುಪ್ಪಸ ತೋರಿಸಿ, ಆಮೇಲೆ ಬಾಟ್ಲಿ ತೋರಿಸುತ್ತಿದ್ದಳು. ಆ ದೀಪಾವಳಿಯ ಹೊತ್ತಿಗೆ ನನಗೆ ನಾಲ್ಕು ಕಡೆಯಿಂದ ವರಗಳ ಫೋಟೋ ಬಂದವು. ನಾನು ಅವರಲ್ಲಿ ಒಬ್ಬನನ್ನೂ ಮದುವೆಯಾಗಲಿಲ್ಲ, ಮುಂದೆ ನೌಕರಿ ಸಿಕ್ಕ ಮೇಲೆ ಕೈಹಿಡಿದವನು ಬೇರೆಯವನು.

ಆಮೇಲೆ ಅವಳು ಒಂದೂವರೆ ವರ್ಷ ಇದ್ದಳು, ಚೆನ್ನಾಗಿಯೇ ಇದ್ದಳು. ವಾರಕ್ಕೆರಡು ದಿನ ಆ ಕುಪ್ಪಸ, ಹಬ್ಬಕ್ಕೆ ಅದೇ, ಕೊತ್ತಂಬರಿಗೂ ಅದೇ. ಕಂಕುಳಲ್ಲಿ ಪಿಸಿದಾಗ ತ್ಯಾಪೆ ಹಾಕಿಸಿದಳು, ತ್ಯಾಪೆ ಹರಿದಾಗ ಮತ್ತೊಂದು ಹಾಕಿಸಿದಳು. ಬದಾಮಿಯ ಬಾಯಾರಿಗೂ ಅವಳಿಗೂ ದಿನಾಲು ಸಂಜೆ ಫೋನಿನಲ್ಲಿ ಮಾತು, ಮಾತಿಗಿಂತ ಜಗಳ ಹೆಚ್ಚು. ಕಳೆದ ಮಾಘದಲ್ಲಿ ಒಂದು ಮುಂಜಾನೆ ಚಹ ಕುಡಿದು, ಅವ್ವನಿಗೆ ಸಕ್ಕರೆ ಕಡಿಮೆಯಾಯಿತೆಂದು ಹೇಳಿ, ಗೋಡೆಗೆ ಒರಗಿದವಳು ಹಾಗೆಯೇ ಹೋದಳು.

ಮಧ್ಯಾಹ್ನದ ಹೊತ್ತಿಗೆ ಮನೆ ತುಂಬ ಹೆಂಗಸರು. ತವರಿನ ಬಟ್ಟೆ ತೆಗೆಯಿರಿ ಎಂದರು ಹಿರಿಯರು. ಪೆಟ್ಟಿಗೆಯಿಂದ ಸೀರೆ ತಂದೆವು. "ಖಣ?" ಎಂದರು. ಅವ್ವ ಹಗ್ಗದ ಮೇಲಿದ್ದ ಗಿಳಿಹಸಿರು ಕುಪ್ಪಸ ತಂದಳು. ಕಂಕುಳಲ್ಲಿ ಎರಡು ತ್ಯಾಪೆ, ಬೆನ್ನಲ್ಲಿ ಹೊಸ ಹರಕು. ಇಂಥದ್ದನ್ನು ಹಾಕಿ ಕಳಿಸುತ್ತಾರೆಯೇ, ತವರಿನಿಂದ ಇನ್ನೊಂದು ಬರಬೇಕು, ಅಲ್ಲಿ ಯಾರಿದ್ದಾರೆ ಎಂದು ಗುಜುಗುಜು ಶುರುವಾಯಿತು. ಯಾರೂ ಉಳಿದಿರಲಿಲ್ಲ. ಅವ್ವ ಆ ಹರಕು ಕುಪ್ಪಸವನ್ನು ಎದೆಗೊತ್ತಿ ಕುಳಿತಳು.

ಅಷ್ಟರಲ್ಲಿ ಬಾಗಿಲಲ್ಲಿ ಸುಶೀಲಾಬಾಯಿ ಕಂಡರು. ಬೆಳಿಗ್ಗೆ ನಾನು ಫೋನು ಮಾಡಿ ಹೇಳಿದ್ದೆನಷ್ಟೇ. ಎರಡು ಬಸ್ಸು ಬದಲಿಸಿ ಬಂದ ಆಯಾಸಕ್ಕೆ ಏದುಸಿರು ಬಿಡುತ್ತಿದ್ದರು. ಚೀಲದಿಂದ ಒಂದು ಹೊಸ ಖಣ ತೆಗೆದು ಅವ್ವನ ಕೈಗಿಟ್ಟರು. "ಮೊದಲಿಂದು ಹಾಕ್ಕೊಂಡು ಹರದೀನಂತ ಮೊನ್ನೆ ಫೋನ್‌ನ್ಯಾಗ ಹೇಳಿ ನಕ್ಕಿದ್ಲು. ಹಂಗಾಗಿ ತಂದೀನಿ" ಎಂದರು.

ಅಪ್ಪನ ದೊಡ್ಡಮ್ಮನೊಬ್ಬಳು ಅವರನ್ನು ಮೇಲಿಂದ ಕೆಳಗೆ ನೋಡಿ, "ನೀವು ಯಾರ ಪೈಕಿ ಆಗಬೇಕ್ರಿ?" ಎಂದು ಕೇಳಿದಳು.

"ತವರಿನಾಕಿ" ಎಂದು ಬಾಯಾರು ಚಪ್ಪಲಿ ಬಿಟ್ಟು ಒಳಗೆ ಬಂದರು.